ನಡುಮನೆಯಲ್ಲೊಂದು ಕೆರೆ

ನಮ್ಮ ಮಾವನವರ ಮೊಣಕಾಲಿನ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ಮೊಣಕಾಲಿನವರೆಗೆ ಎಲ್ಲರ ಹಾಗೆ ಗೋಧಿಬಣ್ಣದ ಮೈ. ಅಲ್ಲಿಂದ ಕೆಳಕ್ಕೆ ಯಾರೋ ಗೆರೆ ಎಳೆದು ಬಣ್ಣ ಬದಲಿಸಿದಂತೆ ಕಪ್ಪು, ನುಣುಪು. ಬೆರಳುಗಳ ಸಂದಿಯಲ್ಲಿ ಮಾತ್ರ ಬೆಳ್ಳಗೆ ಬಿರಿದ ಚರ್ಮ. ಮದುವೆಯಾದ ಹೊಸತರಲ್ಲಿ ನಮಸ್ಕಾರ ಮಾಡಲು ಬಗ್ಗಿದಾಗ ನನಗೆ ಮೊದಲು ಕಂಡದ್ದು ಅವರ ಮುಖವಲ್ಲ, ಆ ಕಾಲುಗಳು. ಏನೋ ಚರ್ಮದ ಕಾಯಿಲೆಯಿರಬೇಕು ಅಂದುಕೊಂಡು ಸುಮ್ಮನಾದೆ. ವರ್ಷಗಟ್ಟಲೆ ಕೆರೆಯ ನೀರಿನಲ್ಲಿ ನಿಂತು ನಿಂತು ಹಾಗಾದ ಕಾಲುಗಳು ಎಂದು ತಿಳಿಯಲು ಕೆಲವು ತಿಂಗಳೇ ಬೇಕಾದವು. ಆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮಾವ ಮೀನುಗಾರಿಕೆ ಇಲಾಖೆಯಲ್ಲಿದ್ದವರು. ಕೆರೆಗಳಿಗೆ ಮೀನಿನ ಮರಿ ಬಿಡಿಸುವುದು, ಅವು ಬೆಳೆದಿವೆಯೇ ಎಂದು ಬಲೆ ಹಾಕಿಸಿ ನೋಡುವುದು, ಬೆಸ್ತರ ಸಂಘಗಳ ಜಗಳ ಬಿಡಿಸುವುದು, ಇದು ಅವರ ಕೆಲಸ. ಗುಬ್ಬಿ ಹತ್ತಿರದ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ, ನಡುವಿನ ಸಣ್ಣಪುಟ್ಟ ಕೆರೆ ಕಟ್ಟೆಗಳೆಲ್ಲ ಅವರಿಗೆ ಅಂಗೈಯಷ್ಟು ಪರಿಚಯ. ಆದರೆ ಹಬ್ಬದ ದಿನ ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ಅದು. ಕೃಷಿ ಇಲಾಖೆಗೆ ಅರ್ಜಿ ಹಾಕಿದ ಹುಡುಗನಿಗೆ ಮೀನಿನ ಇಲಾಖೆಯ ಆರ್ಡರ್ ಬಂತು, ಬಡತನ, ಸೇರಿಕೊಂಡರು. ಅಂದಿನಿಂದ ನೆಂಟರಿಷ್ಟರಿಗೆಲ್ಲ ಹೇಳುತ್ತ ಬಂದದ್ದು "ಅಗ್ರಿಕಲ್ಚರ್ ಡಿಪಾರ್ಟ್‌ಮೆಂಟು" ಎಂದೇ. ಗುಬ್ಬಿಯಲ್ಲಿದ್ದ ನನ್ನ ಅಪ್ಪನಿಗೂ ಹಾಗೇ ಹೇಳಿದ್ದರು. ಬಿಎಸ್ಸಿ ಎರಡನೇ ವರ್ಷದಲ್ಲಿದ್ದ ನನ್ನನ್ನು ಓದು ಬಿಡಿಸಿ, ಅಪ್ಪ ಧಾರೆಯೆರೆದದ್ದು ಅಗ್ರಿಕಲ್ಚರ್ ಆಫೀಸರ ಹಿರಿಮಗನಿಗೆ.

ನನಗೆ ನಿಜ ತಿಳಿದದ್ದು ಹೀಗೆ. ಒಂದು ದಿನ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಗೇಟಿನ ಹತ್ತಿರ ಒಬ್ಬ ವಯಸ್ಸಾದವನು ನಿಂತಿದ್ದ. ತಲೆಗೆ ಟವಲು, ಕೈಯಲ್ಲಿ ಎರಡು ಎಳನೀರು.

"ತಾಯೀ, ಪಿಸರೀಸ್ ಸಾಹೇಬ್ರ ಮನೆ ಇದೇ ಅಲ್ವರಾ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಒಳಗಿನಿಂದ ಬಂದರು. "ಅಲ್ಲ, ಅಲ್ಲ. ಇಲ್ಲಿ ಯಾರೂ ಇಲ್ಲ. ಮುಂದಿನ ರೋಡಲ್ಲಿ ಕೇಳು ಹೋಗಪ್ಪ."

ಅವನು ತಿರುಗಿ ಹೊರಟ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಾವನ ಕಿವಿಗೆ ದನಿ ಬಿದ್ದಿರಬೇಕು. ಒದ್ದೆ ಪಂಚೆಯಲ್ಲೇ ಬರಿಗಾಲಲ್ಲಿ ಬೀದಿಗೆ ಓಡಿದರು. ಬೀದಿಯ ತಿರುವಿನಲ್ಲಿ ಅವನ ಹೆಗಲ ಮೇಲೆ ಕೈಹಾಕಿ ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು. ಎಳನೀರನ್ನು ಅಲ್ಲೇ ಕುಡಿದು ಬಂದರು, ಮನೆಯೊಳಕ್ಕೆ ತರಲಿಲ್ಲ. ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ನೌಕರಿಯಲ್ಲಿದ್ದಷ್ಟು ಕಾಲವೂ ಕೆರೆಯಿಂದ ಬಂದ ದಿನ ಹಿತ್ತಲ ಬಾಗಿಲಲ್ಲಿ ಬಂದು, ಒಗೆಯುವ ಕಲ್ಲಿನ ಹತ್ತಿರವೇ ಬಟ್ಟೆ ಕಳಚಿ, ತಣ್ಣೀರು ಸುರಿದುಕೊಂಡ ಮೇಲೆಯೇ ಅವರಿಗೆ ಒಳಗೆ ಪ್ರವೇಶ. ಅದು ಎಷ್ಟು ರೂಢಿಯಾಗಿತ್ತೆಂದರೆ ನಿವೃತ್ತರಾದ ಮೇಲೂ ತರಕಾರಿ ತರಲು ಹೋಗಿ ಬಂದವರು ಹಿತ್ತಲ ಬಾಗಿಲಿನಿಂದಲೇ ಬರುತ್ತಿದ್ದರು.

ಮಾತು ಕಡಿಮೆ. ಕಾಫಿಯನ್ನು ಪೂರ್ತಿ ಆರಿಸಿಕೊಂಡು ಕುಡಿಯುತ್ತಿದ್ದರು. ಎಲ್ಲಿಗೆ ಹೋದರೂ ಅಲ್ಲಿನ ಬಾವಿಗೆ ಬಗ್ಗಿ ನೋಡಿ, ಒಂದು ಹನಿ ನೀರು ನಾಲಿಗೆಗೆ ಹಚ್ಚಿಕೊಂಡು ತಲೆಯಾಡಿಸುತ್ತಿದ್ದರು. ಒಂದು ಮಾತು ಮಾತ್ರ ಅವರ ಬಾಯಲ್ಲಿ ಪದೇಪದೇ ಬರುತ್ತಿತ್ತು: "ಮೇಲಿಂದ ನೋಡಿದ್ರೆ ಏನು ಗೊತ್ತಾಗುತ್ತೆ?" ಬದನೆಕಾಯಿಗೂ ಅದೇ, ಬಾಡಿಗೆಗೆ ಬಂದ ಎದುರುಮನೆಯವರಿಗೂ ಅದೇ, ಮೈದುನನ ಮಾರ್ಕ್ಸ್ ಕಾರ್ಡಿಗೂ ಅದೇ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅವರು ನಿವೃತ್ತರಾಗಿ ಒಂದು ಬೇಸಗೆ ಕಳೆದಿತ್ತು ಅಷ್ಟೆ. ಒಂದು ಬೆಳಗ್ಗೆ ಗಾಡಿಯಲ್ಲಿ ಪ್ಲೈವುಡ್ ಹಲಗೆಗಳು ಬಂದು ಮನೆಯ ಮುಂದೆ ಇಳಿದವು. ಜೊತೆಗೆ ಮರದ ರೀಪುಗಳು, ಅಡಿಗೆ ಆಧಾರ ಕೊಡಲು ಸೈಜುಕಲ್ಲು. ನಡುಮನೆಯ ಪಡುವಣ ಗೋಡೆಗೆ ಒತ್ತಿ ಇಬ್ಬರು ಮಲಗುವಷ್ಟು ಉದ್ದ, ಎದೆಯೆತ್ತರದ ಪೆಟ್ಟಿಗೆಯೊಂದು ಬರಲಿದೆ, ಅದರೊಳಗೆ ನೀರು ತುಂಬಿ ಮೀನು ಬಿಡಲಿದ್ದಾರೆ ಎಂದು ತಿಳಿದಾಗ ಅತ್ತೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದರು.

"ಇಷ್ಟು ದಿನ ಮೈಗೆ ಅಂಟಿಸ್ಕೊಂಡು ಬರ್ತಿದ್ರಿ. ಈಗ ಮನೆಗೇ ತರ್ತೀರೇನ್ರೀ?"

ಮಾವ ಹಲಗೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದವರು ತಲೆಯೆತ್ತಲಿಲ್ಲ. "ಹೂಂ" ಅಂದರು.

ನನ್ನ ಗಂಡ ಆಫೀಸಿನ ಫೈಲು ಮುಂದಿಟ್ಟುಕೊಂಡರೆ ಮನೆಗೆ ಬೆಂಕಿ ಬಿದ್ದರೂ ಏಳದವರು. ಮೈದುನನಿಗೆ ಆಗಷ್ಟೇ ಕೆಲಸ ಸಿಕ್ಕಿ, ಸ್ನೇಹಿತರನ್ನು ಮನೆಗೆ ಕರೆತರುವ ವಯಸ್ಸು, ಅವನಿಗೆ ಸಿಟ್ಟು. ನಾದಿನಿ ಪಿಯುಸಿ ಮುಗಿಸಿ ಗಂಡು ನೋಡುವವರೆಗೆ ಹೊಲಿಗೆ ಕಲಿಯುತ್ತಿದ್ದಳು. ಬಡಗಿಯೂ ನಕ್ಕ. "ಪ್ಲೈವುಡ್ಡಿಗೆ ನೀರಾ ಯಜಮಾನ್ರೇ? ವಾರಕ್ಕೆ ಉಬ್ಕೊಂಡು ಹಪ್ಪಳ ಆಗೋಗುತ್ತೆ. ಸಿಮೆಂಟಿನ ತೊಟ್ಟಿ ಕಟ್ಸಿ, ಸುಮ್ನೆ."

"ಸಿಮೆಂಟ್ ತೊಟ್ಟೀನ ಮೇಲಿಂದ ತಾನೇ ನೋಡೋದು" ಅಂದರು ಮಾವ.

ಬಡಗಿ ಚೌಕಟ್ಟು ಕೂಡಿಸಿಕೊಟ್ಟು ಹೊರಟುಹೋದ. ಮಿಕ್ಕ ಕೆಲಸಕ್ಕೆ ಅವರಿಗೆ ಒಂದು ಜೊತೆ ಕೈ ಬೇಕಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಏನೂ ಕೇಳದೆ ಒಂದು ತುಂಡು ಉಪ್ಪುಕಾಗದ ಹರಿದು ನನ್ನ ಕೈಗೆ ಕೊಟ್ಟರು.

ತಿಂಗಳಾನುಗಟ್ಟಲೆ ಉಜ್ಜಿದೆವು. ಉಜ್ಜಿದ ಹಲಗೆಗೆ ಬೆಂಗಳೂರಿನಿಂದ ತರಿಸಿದ ರೆಸಿನ್ ಬಳಿಯಬೇಕು. ಬಸ್ಸಿನ ಬಾಡಿ, ದೋಣಿ ಮಾಡುವವರು ಬಳಸುವ ಅಂಟು ಅದು, ಜೇನುತುಪ್ಪದ ಹಾಗೆ. ಇನ್ನೊಂದು ಡಬ್ಬಿಯ ದ್ರವ ಬೆರೆಸಿದ ಕೂಡಲೇ ಬಿಸಿಯೇರಿ ಗಟ್ಟಿಯಾಗತೊಡಗುತ್ತದೆ. ಅಷ್ಟರೊಳಗೆ ಬಳಿದು, ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಗಾಳಿಗುಳ್ಳೆ ಇರದಂತೆ ಒತ್ತಬೇಕು. ಒಣಗಿದ ಮೇಲೆ ಮತ್ತೆ ಉಜ್ಜು, ಮತ್ತೆ ಬಳಿ. ಅದರ ವಾಸನೆಗೆ ಅತ್ತೆ ದೇವರ ಮನೆಯ ಬಾಗಿಲು ಮುಚ್ಚಿಯೇ ಪೂಜೆ ಮಾಡುತ್ತಿದ್ದರು. ನನ್ನ ಮೊಣಕೈವರೆಗೂ ಗಾಜಿನ ನೂಲಿನ ಕಡಿತ. ಆದರೂ ಬಿಡಲು ಮನಸ್ಸಾಗುತ್ತಿರಲಿಲ್ಲ. ಮದುವೆಯಾದ ಮೇಲೆ ನಾನು ಮಾಡಿದ ಕೆಲಸಗಳಲ್ಲಿ, ಸಂಜೆಗೆ ಖರ್ಚಾಗಿಹೋಗದೆ ಮಾರನೆಯ ದಿನಕ್ಕೂ ಉಳಿಯುತ್ತಿದ್ದದ್ದು ಅದೊಂದೇ.

ಮುಂಭಾಗದ ದಪ್ಪ ಗಾಜು, ಮುಚ್ಚಿಹೋದ ಬಟ್ಟೆಯಂಗಡಿಯೊಂದರ ಷೋಕೇಸಿನದು. ಅದನ್ನು ಹೊರಗಿನಿಂದ ಕೂರಿಸುತ್ತಾರೆ ಅಂದುಕೊಂಡಿದ್ದೆ. ಮಾವ ತಲೆಯಲ್ಲಾಡಿಸಿದರು. "ಒಳಗಿಂದ ಇಡಬೇಕು ಕಣಮ್ಮ. ಆಗ ನೀರು ತಾನೇ ಗಾಜನ್ನ ಚೌಕಟ್ಟಿಗೆ ಒತ್ತಿ ಹಿಡ್ಕೊಳುತ್ತೆ. ಹೊರಗಿಂದ ಇಟ್ರೆ ತಳ್ಳಿ ಬಿಸಾಕುತ್ತೆ."

ಒಂದು ದಿನ ಉಜ್ಜುತ್ತ ಕೂತಾಗ ಕೇಳಿಯೇಬಿಟ್ಟೆ. "ಯಾಕೆ ಮಾವ ಇದೆಲ್ಲ?"

ಅವರು ಕೈ ನಿಲ್ಲಿಸಿದರು. "ಇಷ್ಟು ವರ್ಷ ಮೀನು ನೋಡಿದೀನಲ್ಲಮ್ಮ, ಎಲ್ಲಾ ಮೇಲಿಂದ. ಬರೀ ಬೆನ್ನು. ಇಲ್ಲಾ ಬಲೇಲಿ ಒದ್ದಾಡೋವಾಗ, ಇಲ್ಲಾ ತಕ್ಕಡೀಲಿ ಸತ್ತು ಬಿದ್ದಿರೋವಾಗ. ಅದು ತನ್ನ ಪಾಡಿಗೆ ತಾನು ಬದುಕಿರೋದನ್ನ ಒಂದ್ಸಲಾನೂ ಪಕ್ಕದಿಂದ ನೋಡಿಲ್ಲ. ನೋಡ್ಬೇಕು."

ಮೊದಲ ಸಲ ನೀರು ತುಂಬಿದಾಗ ಮೂಲೆಯಲ್ಲಿ ಸೋರಿತು. ಬಾವಿಯಿಂದ ಕೊಡಗಟ್ಟಲೆ ಸೇದಿ ತುಂಬಿದ ನೀರು. ಮೈದುನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ. ಮಾವ ತೊಟ್ಟಿ ಖಾಲಿ ಮಾಡಿ, ಸೋರಿದ ಜಾಗವನ್ನು ಹುಡುಕಿ, ಮತ್ತೆ ಉಜ್ಜಲು ಕೂತರು. ಎರಡನೆಯ ಸಲ ಸೋರಲಿಲ್ಲ. ಆದರೂ ರೆಸಿನ್ನಿನ ವಿಷ ಬಿಡಬೇಕೆಂದು ಮತ್ತೆ ಮತ್ತೆ ತುಂಬಿಸಿ, ಚೆಲ್ಲಿ, ಕೊನೆಗೆ ನಾಲಿಗೆಗೆ ಹಚ್ಚಿ ನೋಡಿ "ಸರಿ" ಅಂದರು.

ಮೀನು ತರಲು ಕಡಬಕ್ಕೆ ಹೋದೆವು. ಗುಬ್ಬಿಯ ತವರುಮನೆಗೆ ಹೋಗಿಬರುವ ನೆಪದಲ್ಲಿ ನಾನೂ ಹೊರಟೆ. ಕೆರೆಯ ಏರಿಯ ಮೇಲೆ ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದಿದ್ದೇವೋ ಇಲ್ಲವೋ, ಹರಿಗೋಲು ಮಗುಚಿಹಾಕಿಕೊಂಡು ಕೂತಿದ್ದವರೆಲ್ಲ ಎದ್ದು ನಿಂತರು. "ಸಾಹೇಬ್ರು ಬಂದವ್ರೆ! ಸಾಹೇಬ್ರು ಬಂದವ್ರೆ ಕಣ್ರಲಾ!" ಅಲ್ಲಿ ನಾನು ಕಂಡ ಮನುಷ್ಯನನ್ನು ಸದಾಶಿವನಗರದಲ್ಲಿ ಎಂದೂ ಕಂಡಿರಲಿಲ್ಲ. ಎದೆಯೆತ್ತಿ ನಡೆಯುತ್ತಿದ್ದರು, ಗಟ್ಟಿಯಾಗಿ ನಗುತ್ತಿದ್ದರು. ಪಂಚೆ ಎತ್ತಿಕಟ್ಟಿ ನೀರಿಗಿಳಿದು, ಬಲೆಯೊಳಗೆ ಕೈಯಾಡಿಸಿ ಒಂದೊಂದನ್ನೇ ಆರಿಸಿದರು. ಬೆಳ್ಳಿಹೊಟ್ಟೆಯ ಗೆಂಡೆಮರಿಗಳು, ಬಾಲದ ಬುಡದಲ್ಲಿ ಕಪ್ಪು ಬೊಟ್ಟಿಟ್ಟ ಬೆರಳುದ್ದದ ಮೀನುಗಳು, ತಳದಲ್ಲೇ ತಿರುಗುವ ಮೀಸೆಯವು. ಯಾರೋ ಕೊರಮೀನಿನ ಮರಿ ತೋರಿಸಿದರೆ "ಅದು ಬ್ಯಾಡ ಕಣಯ್ಯ, ಮಿಕ್ಕವನ್ನೆಲ್ಲ ನುಂಗ್ಬುಡ್ತದೆ" ಅಂದರು. ಮನೆಯಲ್ಲಿ ಅವರ ಬಾಯಲ್ಲಿ "ಬ್ಯಾಡ", "ಬುಡ್ತದೆ" ಕೇಳಿದ್ದೇ ಇಲ್ಲ.

ಅಂದು ಗೇಟಿನ ಹತ್ತಿರ ಎಳನೀರು ಹಿಡಿದು ನಿಂತಿದ್ದವನೂ ಅಲ್ಲಿದ್ದ. ನನ್ನನ್ನು ಗುರುತು ಹಿಡಿದ. ಕೈ ಮುಗಿದ.

ಬಾಯಿಗೆ ಒದ್ದೆಬಟ್ಟೆ ಕಟ್ಟಿದ ಅಲ್ಯೂಮಿನಿಯಂ ಪಾತ್ರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಜಗಳ ತೆಗೆದ. "ಮೀನು ಟಾಪ್ ಮೇಲೆ ಹಾಕ್ರೀ, ವಾಸನೆ ಹೊಡೆಯುತ್ತೆ."

"ಇವು ಬದುಕಿವೆ ಕಣಪ್ಪ" ಅಂದರು ಮಾವ. "ಬದುಕಿರೋವು ನಾರಲ್ಲ. ಬೇಕಾದ್ರೆ ಮೂಸಿ ನೋಡು."

ಮುಂದಿನ ಕೆಲವು ತಿಂಗಳು ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ಕಾಲ. ಮಾವ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಗೆಂಡೆ ಪಕ್ಕದಿಂದ ನೋಡಿದರೆ ಹೊಂಬಣ್ಣ ಎಂದು ಅವರಿಗೇ ಗೊತ್ತಿರಲಿಲ್ಲವಂತೆ. "ನೋಡಮ್ಮ, ತಿರುಗುವಾಗ ಮೊದಲು ಕಣ್ಣು ತಿರುಗ್ಸುತ್ತೆ, ಆಮೇಲೆ ಮೈ" ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು. ಗಾಳಿಯೂದುವ ಸಣ್ಣ ಪಂಪೊಂದು ಗುರ್ರೆನ್ನುತ್ತಿತ್ತು. ಕರೆಂಟು ಹೋದಾಗ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ನೋಡಿದರೆ ಅತ್ತೆ ಒಬ್ಬರೇ ಗಾಜಿನ ಮುಂದೆ ನಿಂತಿದ್ದಾರೆ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು, ಏನೂ ವಾಸನೆ ಇಲ್ಲದಿದ್ದರೂ. ಹಿಂದಿನಿಂದ ಮಾವ ಬಂದು ನಿಂತದ್ದು ಅವರಿಗೆ ಗೊತ್ತಾಗಿ, ನಾಚಿಕೊಂಡು ಕೇಳಿದರು: "ಇವು ಕಣ್ಣು ಮುಚ್ಚೋದೇ ಇಲ್ವೇನ್ರೀ?"

"ರೆಪ್ಪೆ ಇಲ್ಲ ಕಣೇ."

"ಅಯ್ಯೋ ಪಾಪ" ಅಂದರು ಅತ್ತೆ. ಅವರಿಬ್ಬರೂ ಒಂದೇ ಕಡೆ ನೋಡುತ್ತ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ನಾದಿನಿಗೆ ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಆಫೀಸರ್, ಕುಣಿಗಲ್ಲಿನ ಅನುಕೂಲಸ್ಥ ಮನೆ. ತಂದವರು ಅತ್ತೆಯ ತಮ್ಮ. ಎಂದಿನಂತೆ ಅಗ್ರಿಕಲ್ಚರ್ ಎಂದೇ ಹೇಳಿ ಬಂದಿದ್ದರು.

"ಕುಣಿಗಲ್ಲೇ?" ಅಂದರು ಮಾವ. "ಅಲ್ಲಿ ನಾನು ವರ್ಷಗಟ್ಟಲೆ ದೊಡ್ಡಕೆರೇಲಿ ನಿಂತಿದ್ದವನು. ಯಾರಾದ್ರೂ ಗುರುತು ಹಿಡೀತಾರೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ."

"ಭಾವ, ಅದೆಲ್ಲ ಯಾವ ಕಾಲದ್ದು? ಯಾರು ನೆನಪಿಟ್ಕೊಂಡಿರ್ತಾರೆ? ನೀವು ಸುಮ್ನಿದ್ರೆ ಸಾಕು" ಅಂದರು ಅತ್ತೆಯ ತಮ್ಮ.

ಮೈದುನ ತೊಟ್ಟಿಯನ್ನು ಖಾಲಿ ಮಾಡಿಸಬೇಕೆಂದ. ಬಾಗಿಲಿಗಿಂತ ಅಗಲವಾದ ಅದನ್ನು ಹೊರಗೆ ಸಾಗಿಸುವಂತಿರಲಿಲ್ಲ. ಕೊನೆಗೆ ಮೇಲೊಂದು ಜಮಖಾನ ಹೊದಿಸುವುದೆಂದು ಆಯಿತು. ಮಾವ ಒಪ್ಪಿದರು. "ಆದ್ರೆ ನಾನು ಸುಳ್ಳು ಹೇಳಲ್ಲ. ಬಾಯಿ ಮುಚ್ಕೊಂಡಿರ್ತೀನಿ, ಅಷ್ಟೆ."

ಹುಡುಗನ ಕಡೆಯವರು ಭಾನುವಾರ ಬಂದರು. ಹುಡುಗ, ಅವನ ತಂದೆ ತಾಯಿ, ಜೊತೆಗೆ ಬೆಳ್ಳಗಿನ ಪೇಟದ ದೊಡ್ಡಪ್ಪ. ನಾದಿನಿ ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಜಮಖಾನದ ಹಿಂದಿನಿಂದ ಪಂಪಿನ ಸದ್ದು ಮಾತ್ರ ಗುರ್ರೆನ್ನುತ್ತಿತ್ತು.

"ಏನದು ಸದ್ದು?" ಅಂದರು ಹುಡುಗನ ತಂದೆ.

ಮೈದುನ ಥಟ್ಟನೆ ಹೇಳಿದ. "ಅಕ್ವೇರಿಯಂ ಸಾರ್. ಬೆಂಗಳೂರಿಂದ ತರಿಸಿದ್ದು."

ಅವರಿಗೆ ಕುತೂಹಲ. ತಾವೇ ಎದ್ದುಹೋಗಿ ಜಮಖಾನ ಸರಿಸಿದರು. ಬಿಸಿಲು ನೇರವಾಗಿ ನೀರಿಗೆ ಬೀಳುವ ಹೊತ್ತು. ಗೆಂಡೆಗಳ ಹಿಂಡೊಂದು ಹೊನ್ನಿನ ಹಾಗೆ ತಿರುಗಿತು. ಎಲ್ಲರೂ "ಆಹಾ" ಅಂದರು. ಪೇಟದ ದೊಡ್ಡಪ್ಪ ಮಾತ್ರ ಮೀನಿನ ಕಡೆ ನೋಡದೆ ಮಾವನ ಕಾಲಿನ ಕಡೆಯೇ ನೋಡುತ್ತಿದ್ದರು. ಆಮೇಲೆ ಮುಖ ನೋಡಿದರು.

"ಸ್ವಾಮಿ, ತಪ್ಪು ತಿಳ್ಕೋಬೇಡಿ. ನಮ್ಮ ದೊಡ್ಡಕೆರೆಗೆ ಮೀನಿನ ಮರಿ ಬಿಡಿಸ್ತಿದ್ದ ಸಾಹೇಬ್ರು ನೀವೇ ಅಲ್ವೇ? ಖಾಕಿ ಚಡ್ಡಿ ಹಾಕ್ಕೊಂಡು ಬೆಳಗಿಂದ ಸಂಜೇವರ್ಗೂ ನೀರಲ್ಲೇ ನಿಂತಿರ್ತಿದ್ರಿ. ನಮ್ಮ ಗದ್ದೆ ಅಲ್ಲೇ ಕೆಳಗಿತ್ತು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಮಾವ ಮಗಳ ಕಡೆ ನೋಡಿದರು. ಅವಳು ತಟ್ಟೆ ಹಿಡಿದುಕೊಂಡೇ ಇದ್ದಳು.

"ಇಲ್ಲ" ಅಂದರು ಮಾವ. "ನಾನಲ್ಲ. ನಾನು ಅಗ್ರಿಕಲ್ಚರಿನಲ್ಲಿದ್ದೆ."

ದೊಡ್ಡಪ್ಪ ಮತ್ತೊಮ್ಮೆ ಅವರ ಕಾಲಿನ ಕಡೆ ನೋಡಿ, "ಹಾಗಾದ್ರೆ ಬೇರೆ ಯಾರೋ ಇರ್ಬೇಕು ಬಿಡಿ" ಅಂದರು. ಆಮೇಲೆ ಕೇಸರಿಬಾತು ಬಾಯಿಗಿಡಲಿಲ್ಲ.

ಉತ್ತರ ಒಂದು ವಾರಕ್ಕೆ ಬಂತು. ಅತ್ತೆಯ ತಮ್ಮ ಬಂದು, ಚಪ್ಪಲಿಯನ್ನೂ ಬಿಡದೆ ನಡುಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಮೀನಿನ ಇಲಾಖೆಯೆಂದು ಹುಡುಗನ ಕಡೆಯವರಿಗೆ ಬೇಸರವೇನೂ ಇರಲಿಲ್ಲವಂತೆ. ಹಾಗೆ ನೋಡಿದರೆ ಆ ದೊಡ್ಡಪ್ಪನಿಗೆ ಮಾವನ ಮೇಲೆ ಬಹಳ ಗೌರವವಂತೆ, ಒಬ್ಬರ ಮುಂದೆಯೂ ಕೈ ಚಾಚಿದವರಲ್ಲ ಎಂದು ಊರೇ ಹೇಳುತ್ತಿತ್ತಂತೆ. "ಮುಖ ನೋಡ್ಕೊಂಡು ಸುಳ್ಳು ಹೇಳೋರ ಮನೆ ಹೆಣ್ಣು ನಮಗೆ ಬೇಡ ಅಂದ್ಬಿಟ್ರು ಭಾವ."

ಇಷ್ಟು ವರ್ಷ ಮಾವನ ಬಾಯಿ ಹೊಲಿದವರೆಲ್ಲ ಅವರ ಮೇಲೇ ತಿರುಗಿಬಿದ್ದರು. "ನಿಜ ಹೇಳಿದ್ರೆ ಆಗ್ತಿತ್ತಲ್ಲಪ್ಪಾ" ಅಂದರು ನನ್ನ ಗಂಡ, ಎಂದೂ ಬಾಯಿ ಬಿಡದವರು. "ಹೆತ್ತ ಮಗಳ ಬಾಳಿಗೆ ಕಲ್ಲು ಹಾಕಿದ್ರಿ" ಅಂದರು ಅತ್ತೆ. "ಅಲ್ಲ ಅತ್ತೆ, ನೀವೇ ಅಲ್ವೇ ಅವರಿಗೆ..." ಎಂದು ನಾನು ಶುರುಮಾಡಿದೆ. "ನೀನು ಒಳಗೆ ಹೋಗು" ಎಂದು ನನ್ನ ಗಂಡ ಗದರಿದರು. ನಾನು ಹೋಗಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ತಮ್ಮ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದರು.

"ಈ ದರಿದ್ರದ ತೊಟ್ಟಿ ಇಲ್ದಿದ್ರೆ ಆ ಮಾತೇ ಬರ್ತಿರ್ಲಿಲ್ಲ!" ಎಂದು ಕೂಗಿ ಮೈದುನ ಹಿತ್ತಲಿಗೆ ಹೋದ. ತೆಂಗಿನಗುಂಡಿ ತೋಡುವ ಹಾರೆ ಹಿಡಿದು ಬಂದ. ಯಾರಾದರೂ ತಡೆಯುವುದರೊಳಗೆ ಗಾಜಿನ ನಡುವಿಗೆ ಬೀಸಿದ.

ಅಷ್ಟು ನೀರು ಒಂದೇ ಸಲ ಮನೆಯೊಳಗೆ ನುಗ್ಗಿದರೆ ಹೇಗಿರುತ್ತದೆಂದು ಹೇಳಲು ಬಾರದು. ನಿಂತವರ ಕಾಲು ಜಾರಿತು. ಮಾವ ದಡಬಡಿಸಿ ಎದ್ದ ಕುರ್ಚಿ ತೇಲಿಹೋಗಿ ಗೋಡೆಗೆ ಬಡಿಯಿತು. ಅತ್ತೆ ಸೀರೆ ಎತ್ತಿಕೊಂಡು ಮಂಚದ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದರು. ನೆಲದ ತುಂಬ ಗಾಜು, ಗಾಜಿನ ನಡುವೆ ಮೀನುಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಾವ ಮೊಣಕಾಲೂರಿ ಪಂಚೆಯ ಮಡಿಲಿಗೆ ಒಂದೊಂದನ್ನೇ ಎತ್ತಿ ಹಾಕಿಕೊಳ್ಳತೊಡಗಿದರು. ನಾನು ಬಚ್ಚಲಿಗೆ ಓಡಿ ಹಂಡೆ ತಂದೆ. ನೋಡಿದರೆ ನಾದಿನಿಯೂ ಕೂತುಬಿಟ್ಟಿದ್ದಾಳೆ. ಮೀನನ್ನು ಎಂದೂ ಮುಟ್ಟದ ಹುಡುಗಿ ಅಳುತ್ತ ಎರಡೂ ಕೈಯಲ್ಲಿ ಹಿಡಿದು, ಜಾರಿಸಿ, ಮತ್ತೆ ಹಿಡಿದು ಹಂಡೆಗೆ ಹಾಕುತ್ತಿದ್ದಳು. ಮಾವನ ಅಂಗೈ ಸೀಳಿ ರಕ್ತ ಮೊಣಕೈಗೆ ಇಳಿದಿತ್ತು.

ಮೈದುನ ಹಾರೆ ಹಿಡಿದುಕೊಂಡೇ ನಡುವೆ ನಿಂತಿದ್ದ. ತಾನು ಮಾಡಿದ್ದು ತನಗೇ ಅರ್ಥವಾಗದವನ ಹಾಗೆ. ಮಾವ ತಲೆಯೆತ್ತಿ ಅವನ ಕಡೆ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ.

"ಬರಿಗಾಲಲ್ಲಿ ಇದೀಯಾ. ಗಾಜು ಚುಚ್ಚುತ್ತೆ. ಚಪ್ಪಲಿ ಹಾಕ್ಕೋ ಹೋಗು" ಅಂದರು.

ಉಳಿದ ಮೀನುಗಳನ್ನು ಸಂಜೆ ಆಟೋದಲ್ಲಿ ಅಮಾನಿಕೆರೆಗೆ ತೆಗೆದುಕೊಂಡು ಹೋದೆವು; ಮಾವ, ನಾದಿನಿ, ನಾನು. ಹಂಡೆಯನ್ನು ನೀರಿನಂಚಿಗೆ ಓರೆಮಾಡಿದಾಗ ಕೆಲವು ಸರಕ್ಕನೆ ಹೋದವು, ಕೆಲವು ಹೊಟ್ಟೆ ಮೇಲಾಗಿ ತೇಲಿದವು. ನಾದಿನಿ ಆಗ ಕೇಳಿದಳು. "ಯಾಕಪ್ಪಾ ಅವತ್ತು ಇಲ್ಲ ಅಂದ್ರಿ? ಸುಳ್ಳು ಹೇಳಲ್ಲ ಅಂದಿದ್ರಲ್ಲ?"

ಮಾವ ಹಂಡೆ ತೊಳೆಯುತ್ತಿದ್ದರು. "ನೀನು ತಟ್ಟೆ ಹಿಡ್ಕೊಂಡು ನಿಂತಿದ್ದೆ ಕಣಮ್ಮ" ಅಂದರು.

ಪ್ಲೈವುಡ್ ಪೆಟ್ಟಿಗೆಯನ್ನು ಹೊರಗೆ ಸಾಗಿಸಲು ಅದೇ ಬಡಗಿ ಬಂದು ಗರಗಸದಿಂದ ಕೊಯ್ದ. ಕೊಯ್ದ ಅಂಚನ್ನು ಉಗುರಿನಿಂದ ಕೆರೆದು ನೋಡಿ ಬೆರಗಾದ. "ಒಳಗೆ ಒಂದು ಹನಿ ನೀರು ಹೋಗಿಲ್ಲ ಯಜಮಾನ್ರೇ. ಹೊಸಾ ಹಲಗೆ ಇದ್ದಂಗೈತೆ." ಮಾವ "ಹೌದಾ" ಎಂದು ಹಿತ್ತಲಿಗೆ ಹೋದರು.

ಆ ವಾರವೆಲ್ಲ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ಗಂಡುಮಕ್ಕಳಿಬ್ಬರಿಗೂ ಮುಜುಗರ. ಒಂದು ಬೆಳಗ್ಗೆ ನನ್ನ ಗಂಡ ಕಾಫಿ ಲೋಟ ಕೆಳಗಿಟ್ಟು, "ಅಪ್ಪಾ, ಹೊಸ ಗಾಜು ತರಿಸ್ತೀವಿ. ಬೇರೆ ತೊಟ್ಟಿ ಮಾಡಿಸೋಣ" ಅಂದರು. ಮೈದುನ ನೆಲ ನೋಡುತ್ತ ಪಕ್ಕದಲ್ಲಿ ನಿಂತಿದ್ದ.

"ಬೇಡ" ಅಂದರು ಮಾವ. "ನನಗೇನೂ ಮಾಡ್ಕೊಡಬೇಡಿ. ಕೊಡೋ ಹಾಗಿದ್ರೆ ಒಂದು ಮಾತು ಕೊಡಿ. ಇವಳು ಕಾಲೇಜಿಗೆ ಹೋಗ್ಲಿ. ಬಿಟ್ಟಿರೋ ಬಿಎಸ್ಸಿ ಮುಗಿಸ್ಲಿ. ಆಮೇಲೆ ಎಲ್ಲೀವರೆಗೆ ಓದ್ತಾಳೋ ಅಲ್ಲೀವರೆಗೆ ಓದ್ಲಿ. ಯಾರೂ ಬೇಡ ಅನ್ಬಾರ್ದು."

ನಾನು ಬಾಗಿಲ ಹಿಂದೆ ನಿಂತಿದ್ದೆ. ಓದಬೇಕೆಂಬ ಆಸೆಯನ್ನು ಅವರ ಮುಂದೆ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಉಜ್ಜುತ್ತ ಕೂತ ಮಧ್ಯಾಹ್ನಗಳಲ್ಲಿ ಮೀನಿನ ಕಿವಿರು, ಈಜುಚೀಲ ಎಂದು ಕಾಲೇಜಿನಲ್ಲಿ ಓದಿದ್ದನ್ನು ಹೇಳುತ್ತಿದ್ದೆ, ಅಷ್ಟೆ. ಅವರ ಮಕ್ಕಳು ಅವರ ಮುಂದೆ ತಲೆತಗ್ಗಿಸಿ ನಿಂತದ್ದು ಬಹುಶಃ ಅದೊಂದೇ ಬೆಳಗ್ಗೆ. ಅದನ್ನು ಅವರು ತಮಗಾಗಿ ಬಳಸಿಕೊಳ್ಳಲಿಲ್ಲ.

ನಾನು ಬಿಎಸ್ಸಿ ಮುಗಿಸಿದೆ. ಮೈಸೂರಿಗೆ ಹೋಗಿ ಎಂಎಸ್ಸಿ ಮಾಡಿ ಬಂದೆ; ಅತ್ತೆ ಗೊಣಗಿದಾಗಲೆಲ್ಲ ಮಾವ "ಮಾತು ಕೊಟ್ಟಾಗಿದೆ" ಎನ್ನುತ್ತಿದ್ದರು. ಅಷ್ಟರಲ್ಲಿ ನಾದಿನಿಗೆ ಅರಸೀಕೆರೆಯ ಕಡೆಯ ಸಂಬಂಧ ಕುದುರಿತು. ಅಲ್ಲಿಗೂ ಅಗ್ರಿಕಲ್ಚರ್ ಎಂದೇ ಹೇಳಿದರು. ಆ ಸಲ ಯಾರೂ ಗುರುತು ಹಿಡಿಯಲಿಲ್ಲ. ಮದುವೆ ಸುಸೂತ್ರವಾಗಿ ನಡೆಯಿತು. ಮಂಟಪದಲ್ಲಿ ಹೊಸ ಬೀಗರು "ವ್ಯವಸಾಯ ಇಲಾಖೇಲಿ ಯಾವ ಸೆಕ್ಷನ್ ಸ್ವಾಮಿ?" ಎಂದಾಗ ಮಾವ "ನೀರಾವರಿ ಕಡೆ" ಅಂದರು. ಅಷ್ಟು ಹೊತ್ತಿಗೆ ಅವರಿಗೆ ಅಭ್ಯಾಸವಾಗಿತ್ತು.

ಕಡಬಕ್ಕೆ ಅವರು ಮತ್ತೆ ಹೋಗಲಿಲ್ಲ. ನಾನು ಕರೆದರೂ ಬರಲಿಲ್ಲ. ಬಾವಿಗೆ ಬಗ್ಗಿ ನೋಡುವುದನ್ನೂ ಬಿಟ್ಟರು. ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ನನಗೆ ಸಿಕ್ಕ ವರ್ಷವೇ, ಒಂದು ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಲ್ಲಿನ ಮೇಲೆ ಒರಗಿದರು. ಜಿಲ್ಲಾಸ್ಪತ್ರೆ ತಲುಪುವುದರೊಳಗೆ ಹೋಗಿಬಿಟ್ಟಿದ್ದರು. ಕಡಬಕ್ಕೆ ಸುದ್ದಿ ಮುಟ್ಟಿಸಿ ಎಂದು ನಾನು ಕೇಳಿಕೊಂಡೆ. "ಈಗ್ಯಾಕೆ ಅದೆಲ್ಲ" ಅಂದರು ನನ್ನ ಗಂಡ.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತ ಪಂಕ್ತಿಯಲ್ಲಿ ಮೈದುನನ ಆಫೀಸಿನವರಿದ್ದರು. ಆ ಹೊತ್ತಿಗೆ ದೊಡ್ಡ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಷೋಕಿಯಾಗಿತ್ತು. ಮೈದುನ ಅತ್ತತ್ತು ಊದಿದ ಕಣ್ಣು ಒರೆಸಿಕೊಳ್ಳುತ್ತ ಅವರಿಗೆ ಹೇಳುತ್ತಿದ್ದ. "ನಮ್ಮಪ್ಪ ಅಂದ್ರೆ ಏನ್ ತಿಳ್ಕೊಂಡಿದೀರಾ? ಇಲ್ಲೇ, ಈ ಗೋಡೆ ಉದ್ದಕ್ಕೂ ಅಕ್ವೇರಿಯಂ ಕಟ್ಟಿದ್ರು. ಸ್ವಂತ ಕೈಯಲ್ಲಿ, ಪ್ಲೈವುಡ್ಡಲ್ಲಿ! ಒಂದು ಹನಿ ಸೋರ್ತಿರ್ಲಿಲ್ಲ. ತುಮಕೂರಲ್ಲೇ ಅಂಥದ್ದು ಇನ್ನೊಂದು ಇರ್ಲಿಲ್ಲ."

ಒಬ್ಬರು ಕೇಳಿದರು. "ಈಗೆಲ್ಲಿದೆ?"

ಮೈದುನ ಅನ್ನ ಕಲೆಸುತ್ತ, "ಹಳೇದಾಗಿತ್ತು, ತೆಗೆಸಿಬಿಟ್ವಿ" ಅಂದ.

ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅತ್ತೆ ಹದಿಮೂರು ದಿನದಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಬೋಳು ಹಣೆ ಎತ್ತಿ ಮಗನ ಕಡೆ ನೋಡಿದರು.

"ಒಡೆದೋರು ಯಾರು ಅಂತಾನೂ ಹೇಳೋ" ಅಂದರು.

ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಮೈದುನನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಅತ್ತೆ ಮತ್ತೆ ಗೋಡೆಗೆ ತಲೆಯಾನಿಸಿದರು. ನಾನು ಮುಂದಿನ ಎಲೆಗೆ ಸಾರು ಬಡಿಸಿದೆ.

ಮೊನ್ನೆ ಕಾಲೇಜಿನಿಂದ ನಿವೃತ್ತಳಾದಾಗ ಸನ್ಮಾನದ ಭಾಷಣದಲ್ಲಿ ಯಾರೋ, ಮದುವೆಯ ನಂತರವೂ ನನ್ನನ್ನು ಓದಿಸಿದ ಉದಾರ ಹೃದಯದ ಪತಿ ಎಂದು ನನ್ನ ಗಂಡನನ್ನು ಹೊಗಳಿದರು. ಅವರು ಎದ್ದುನಿಂತು ಕೈಮುಗಿದರು. ಮೈಕು ನನ್ನ ಕೈಗೆ ಬಂದಾಗ ಹೇಳಿದೆ: ನನ್ನನ್ನು ಓದಿಸಿದವರು ನಮ್ಮ ಮಾವ. ಅವರು ಮೀನುಗಾರಿಕೆ ಇಲಾಖೆಯಲ್ಲಿದ್ದರು.